ಹಳದಿ ಬಟ್ಟೆ

ಕಾರಿನ ಬಾನೆಟ್ಟಿಗೆ ಅಪ್ಪಳಿಸಿದ ಹುಳಗಳ ಹೊಟ್ಟೆ ಒಡೆದು, ಒಳಗಿನ ಲೋಳೆ ಬಿಸಿಲಿಗೆ ಗೋಂದಿನಂತೆ ಒಣಗಿತ್ತು. ಅಂಚೆ ಗುಮಾಸ್ತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹಾಸಿದ. ಉಜ್ಜಲಿಲ್ಲ. ಒಣಗಿದ್ದನ್ನು ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ರೆಕ್ಕೆ, ಕಾಲು, ಯಾವುದೋ ಹುಳದ ಅರ್ಧ ತಲೆ ಎಲ್ಲವೂ ಬಟ್ಟೆಯಡಿ ಮೆತ್ತಗಾಗಲಿ ಎಂದು ಬಿಟ್ಟು, ಕುಕ್ಕರಗಾಲಲ್ಲಿ ಕೂತು ಬಾಗಿಲ ಬುಡಕ್ಕೆ ಸಿಡಿದಿದ್ದ ಡಾಂಬರಿನ ಚುಕ್ಕೆಗಳಿಗೆ ಅಡುಗೆ ಎಣ್ಣೆ ಸವರತೊಡಗಿದ. ಕಪ್ಪು ಕರಗಿ ಉಗುರಿನ ಸಂದಿಗೆ ಇಳಿದಾಗ ಮುಖ ಕಿವಿಚಿದ. ಆದರೂ ಬೆರಳು ಮೆಲ್ಲಗೇ ಆಡುತ್ತಿತ್ತು.

ಹಿಂದಿನ ದಿನ ಸಂಜೆ ಹೆದ್ದಾರಿಯಾಚೆಯ ವೃದ್ಧಾಶ್ರಮ ನೋಡಿಬರಲು ಹೋದಾಗ ಹತ್ತಿದ ಹೊಲಸು ಅದು. ಕೆರೆಯ ಏರಿಯ ಮೇಲೆ ಹುಳಗಳು ಮೋಡದ ಹಾಗೆ ಎದ್ದು ಬಂದಿದ್ದವು. ಅಲ್ಲಿಂದಾಚೆ ರಸ್ತೆಗೆ ಹಸಿ ಡಾಂಬರು. ನಾಳೆ ಬೆಳಿಗ್ಗೆ ಇದೇ ಕಾರಿನಲ್ಲಿ ಅಮ್ಮನನ್ನು ಅಲ್ಲಿಗೆ ಬಿಟ್ಟುಬರುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಅವನದೇ. ಹೆಂಡತಿ ಬಚ್ಚಲಲ್ಲಿ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ, ಹಾಸಿಗೆ ಹಿಡಿದ ಅಮ್ಮನನ್ನು ತೊಳೆದು ಒರೆಸಲು ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದಿದ್ದ, ತಾನು ಆ ಮನೆಯವನೇ ಅಲ್ಲವೆಂಬಂತೆ.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಟೈಲರ್ ಇಣುಕಿದ. "ಏನ್ ಸಾರ್, ಮಗೂಗೆ ಸ್ನಾನ ಆಯ್ತಾ? ಇನ್ನು ಪೌಡರ್ ಹಾಕಿ ತೊಟ್ಟಿಲಲ್ಲಿ ಮಲಗಿಸೋದೊಂದು ಬಾಕಿ."

"ನಗಬೇಡಿ. ಈ ಹುಳದ ರಸ ಆಸಿಡ್ ಇದ್ದ ಹಾಗೆ. ಹಾಗೇ ಬಿಟ್ರೆ ಬಣ್ಣಾನೇ ತಿಂದುಹಾಕುತ್ತೆ."

"ನಮ್ಮಂಥವರ ಮೈಗೂ ಇಷ್ಟು ಉಪಚಾರ ಇಲ್ಲ ಬಿಡಿ," ಎಂದು ಟೈಲರ್ ತಲೆ ಒಳಗೆಳೆದುಕೊಂಡ.

ಅಷ್ಟರಲ್ಲಿ ಹೆಂಡತಿ ಹೊಸ್ತಿಲಿಗೆ ಬಂದಳು. "ರೀ, ಅತ್ತೆ ಹಾಸಿಗೇಲೇ ಮಾಡ್ಕೊಂಡಿದ್ದಾರೆ."

"ನಾಲ್ಕು ದಿನ ಬಂದಿದ್ಲಲ್ಲ, ಆ ಆಯಾಗೆ ಫೋನ್ ಮಾಡು."

"ಮಾಡ್ದೆ. ನಾಳೆ ಹೆಂಗೂ ಹೋಗ್ತಾರಲ್ಲಮ್ಮ, ನಾನ್ಯಾಕೆ ಬರ್ಲಿ ಅಂದ್ಳು." ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದಳು. "ನನಗೆ ಒಂದು ಕೈಲಿ ಅವರನ್ನ ಮಗ್ಗುಲು ತಿರುಗಿಸೋಕೂ ಆಗ್ತಿಲ್ಲ. ಯಾವಾಗ ಮಾಡ್ಕೊಂಡ್ರೋ, ಹೇಳೇ ಇಲ್ಲ. ಒಣಗಿಹೋಗಿದೆ."

"ಇವತ್ತೊಂದು ರಾತ್ರಿ ತಾನೆ. ನಾಳೆ ಅಲ್ಲಿನವರು ತೊಳೀತಾರೆ."

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಾನೆಟ್ಟಿನ ಮೇಲಿನ ಹುಳಗಳನ್ನು ಅವನು ನೋಡುತ್ತಿದ್ದುದೂ ಹಾಗೆಯೇ. ಅವನು ಎದ್ದ.

ಕೋಣೆಯ ಬಾಗಿಲಲ್ಲೇ ವಾಸನೆ ಮುಖಕ್ಕೆ ಹೊಡೆಯಿತು. ಫಿನಾಯಿಲು, ಬೆವರು, ಅವೆರಡನ್ನೂ ಮೀರಿದ ಹುಳಿನಾತ. ಅಮ್ಮ ಗೋಡೆಯತ್ತ ಮುಖ ಮಾಡಿ ಮಲಗಿದ್ದವಳು ಕತ್ತು ಹೊರಳಿಸಿದಳು.

"ಮೂತಿಗೆ ಯಾಕೋ ಬಟ್ಟೆ? ಕಳ್ಳತನಕ್ಕೆ ಬಂದ್ಯಾ? ಇಲ್ಲೇನೂ ಸಿಗಲ್ಲ, ಹೋಗು."

ಅವನು ಉಸಿರು ಬಿಗಿಹಿಡಿದು ಸೀರೆ ಸರಿಸಿದ. ತೊಡೆಯ ಹಿಂದೆ ಕಂದು ಹೆಪ್ಪುಗಟ್ಟಿ ಬಿರುಕು ಬಿಟ್ಟಿತ್ತು. ಕಣ್ಣು ಅತ್ತ ತಿರುಗಿಸಿ, ಹಳೇ ಬನಿಯನ್ನಿನ ತುಂಡಿನಿಂದ ಒಂದೇ ಸಲಕ್ಕೆ ಮುಗಿಸಿಬಿಡುವವನಂತೆ ಒರೆಸಿದ. ಕಾಗದದಂಥ ಚರ್ಮ ಅದರ ಜೊತೆಗೇ ಎಳೆದುಕೊಂಡು ಬಂತು. ಅಮ್ಮ ಕೂಗಲಿಲ್ಲ. ಮಂಚದ ಕಂಬಿಯನ್ನು ಹಿಡಿದ ಬೆರಳ ಗೆಣ್ಣುಗಳು ಬಿಳಿಚಿಕೊಂಡವು. ಅವನು ಬಚ್ಚಲಿಗೆ ಓಡಿ ವಾಂತಿ ಮಾಡಿದ.

ಬಾಯಿ ಮುಕ್ಕಳಿಸಿ ಬಂದಾಗ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಕಾರಿಗೂ ಹೀಗೇ ಮಾಡ್ತೀರಾ?" ಎಂದಳು ಮೆಲ್ಲಗೆ.

ಅವನು ಅವಳನ್ನು ದಾಟಿಕೊಂಡು ಹೊರಗೆ ಹೋದ. ಕಾರಿನ ನೀಲಿ ಬಕೆಟ್ಟನ್ನು ತಿಕ್ಕಿ ತೊಳೆದ. ಕೊನೆಯಲ್ಲಿ ಹೊಳಪು ಕೊಡಲೆಂದು ತಂದಿಟ್ಟಿದ್ದ, ಇನ್ನೂ ಮಡಿಕೆ ಬಿಚ್ಚದ ಹಳದಿ ಬಟ್ಟೆಯನ್ನು ಎತ್ತಿಕೊಂಡ. ಬಿಸಿನೀರಿಗೆ ತಣ್ಣೀರು ಬೆರೆಸಿ, ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದ. ಆಮೇಲೆ ಬಟ್ಟೆಯನ್ನು ಅದ್ದಿ, ಅರೆಬರೆ ಹಿಂಡಿ, ಅಮ್ಮನ ತೊಡೆಯ ಮೇಲೆ ಹಾಸಿ ನಿಂತ.

ಕಾಯುವುದೇ ಪ್ರಾರ್ಥನೆ ಎಂದು ನಂಬಿ ಬದುಕಿದವರಿದ್ದಾರೆ. ಅವನು ಮಾತ್ರ ಬಾಯಲ್ಲಿ ಉಸಿರಾಡುತ್ತ, ಗಂಟಲಿಗೆ ಬರುತ್ತಿದ್ದ ಹುಳಿನೀರನ್ನು ನುಂಗುತ್ತ ಕಾದ.

"ಯಾಕೋ ಸುಮ್ನೆ ನಿಂತೆ?"

"ನೆನೀಬೇಕಮ್ಮ. ನೆನೆದ್ರೆ ತಾನಾಗೇ ಬಿಡುತ್ತೆ. ನೋವಾಗಲ್ಲ."

ಅಮ್ಮ ಗೋಡೆಯತ್ತ ತಿರುಗಿದಳು. "ನಾಳೆ ಎಷ್ಟು ಹೊತ್ತಿಗೆ ಹೊರಡೋದು?"

"ನೀರು ಆರಿಹೋಯ್ತು. ತಾಳು, ಬಿಸಿ ತರ್ತೀನಿ," ಎಂದ.

ನೀರು ಮತ್ತೆ ಮತ್ತೆ ಬದಲಾಯಿತು. ಪದರ ಪದರವಾಗಿ ಎದ್ದು ಬಂದದ್ದನ್ನು ಅವನು ಬಳಿದು ತೆಗೆದ. ನಡುವೆ ಇನ್ನೊಮ್ಮೆ ವಾಕರಿಕೆ ಬಂತು, ನಿಂತಲ್ಲೇ ತಡೆದುಕೊಂಡ. ಕೆಂಪಗಾದ ಕಡೆ ಎಣ್ಣೆ ಹಚ್ಚಲು ಕೈ ಚಾಚಿದಾಗ ಅಮ್ಮ ಮೂಗು ಸಿಂಡರಿಸಿದಳು.

"ಥೂ, ನಿನ್ ಕೈ ಡಾಂಬರು ನಾತ ಹೊಡೀತಿದೆ. ತೊಳ್ಕೊಂಡ್ ಬಂದು ಮುಟ್ಟೋ."

ಅವನು ಹೋಗಿ ಸೋಪು ಹಚ್ಚಿ, ಉಗುರಿನ ಸಂದಿಯನ್ನೆಲ್ಲ ಬ್ರಷ್ಷಿನಿಂದ ತಿಕ್ಕಿ ತೊಳೆದು ಬಂದ. ಕರವಸ್ತ್ರ ಯಾವಾಗಲೋ ಕೊರಳಿಗೆ ಜಾರಿತ್ತು.

ಹೊರಬಂದಾಗ ಕತ್ತಲು ಕವಿಯುತ್ತಿತ್ತು. ಬಾನೆಟ್ಟಿನ ಮೇಲಿನ ಬಟ್ಟೆ ಒಣಗಿ ತಗಡಿನಂತೆ ಸೆಟೆದುಕೊಂಡಿತ್ತು. ಒಂದು ಮೂಲೆ ಎತ್ತಿ ನೋಡಿದ. ರೆಕ್ಕೆಗಳು ಅರ್ಧ ಬಟ್ಟೆಗೆ, ಅರ್ಧ ಬಣ್ಣಕ್ಕೆ ಅಂಟಿಕೊಂಡಿದ್ದವು. ಇರುವೆಗಳು ಆಗಲೇ ಸಾಲುಗಟ್ಟಿದ್ದವು.

"ಸಾರ್, ಮಗೂನ ನೀರಲ್ಲೇ ಬಿಟ್ಟು ಎಲ್ಲೋಗಿದ್ರಿ?" ಟೈಲರನ ದನಿ ಬಂತು.

ಅವನು ಮೂಲೆಯನ್ನು ಕೈಬಿಟ್ಟ. ಒಗೆದು ತಂದಿದ್ದ ಹಳದಿ ಬಟ್ಟೆಯನ್ನು ಕೊಡವಿ ತಂತಿಯ ಮೇಲೆ ಹರವಿ, ಸುಕ್ಕು ನೀವಿದ.

"ಬೆಳಿಗ್ಗೆ ಹೊತ್ತಿಗೆ ಒಣಗುತ್ತಾ ಇದು?" ಹೊಸ್ತಿಲಲ್ಲಿದ್ದ ಹೆಂಡತಿಯನ್ನು ಕೇಳಿದ.

"ಯಾವುದಕ್ಕೆ, ಕಾರಿಗಾ ಅತ್ತೆಗಾ?" ಎಂದಳು ಅವಳು.

ಅವನು ಗಾಳಿಗೆ ಹಾರದಿರಲೆಂದು ಇನ್ನೊಂದು ಕ್ಲಿಪ್ಪು ಸಿಕ್ಕಿಸಿದ. ವರಾಂಡದ ದೀಪಕ್ಕೆ ಮುತ್ತಿದ್ದ ಹುಳಗಳು ಒಂದೊಂದಾಗಿ ಇಳಿದು, ಕಾರಿನ ಬಿಳಿ ಮೈಮೇಲೆ ಕೂರತೊಡಗಿದವು.