ಹೊಸ್ತಿಲಲ್ಲಿ ಹೇಳಿದ ಹೆಸರು

ತಂಗಿ ಸುಪ್ರಿಯಾ ತೀರಿಕೊಂಡ ಮೇಲೂ ಅಮ್ಮ ಕಾಯ್ಕಿಣಿಯ ಅವಳ ಮನೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಮಗಳು ಕೂರುತ್ತಿದ್ದ ಮಣೆಯ ಮೇಲೆ ಕೂತು ಒಂದು ಲೋಟ ಚಹಾ ಕುಡಿದು ಬರುತ್ತಿದ್ದಳು. ಈಗ ಅಳಿಯ ನಿತ್ಯಾನಂದ ಎರಡನೇ ಮದುವೆಯಾಗಿದ್ದ. ಕುಮಟೆಯ ಹೆಣ್ಣು, ಉಮಾ. ಅವಳನ್ನು ಮನೆ ತುಂಬಿಸಿಕೊಳ್ಳುವ ದಿನ ಹೊನ್ನಾವರದಲ್ಲಿ ಬಸ್ ಹತ್ತುವಾಗ ಅಮ್ಮ ಹೇಳಿದಳು: “ಇದೇ ಕಡೇ ಸಲ ಗಾಯತ್ರಿ. ಇನ್ನು ಆ ಮನೇಲಿ ನಂಗೆಂತ ಕೆಲಸ?”

ಅವಳ ಚೀಲ ಎತ್ತಿಕೊಂಡು ನಾನೂ ಹಿಂದೆಯೇ ಹತ್ತಿದೆ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ಆಡುವುದಿಲ್ಲ. ಮನೆ ಹೊಗುವ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಅದನ್ನು ಪದ್ಯದಲ್ಲಿ ಕಟ್ಟಿ ಹೇಳಿಸುತ್ತಾರೆ. ಎಷ್ಟೋ ಮದುವಣಗಿತ್ತಿಯರಿಗೆ ನಾನೇ ಕಟ್ಟಿ ಕೊಟ್ಟದ್ದುಂಟು. ಈ ಸಲ ನಿತ್ಯಾನಂದನ ಅಕ್ಕ ಗಣಪಿಯ ಮಗಳು ಅಂಕಿತಾ, ಫೋನಿನಲ್ಲಿರುವ ಎಐಗೆ ಹೇಳಿ ಕಟ್ಟಿಸಿದ್ದಳು.

“ಗಾಯತ್ರತ್ತೆ, ನಿಮ್ಮ ಅಂಗಡಿ ಬಾಗಿಲು ಹಾಕೂದೇ ಈಗ,” ಎಂದು ನಾವು ಕಾಯ್ಕಿಣಿಯ ಮನೆಗೆ ಕಾಲಿಡುತ್ತಲೇ ನಗುತ್ತ ಓದಿದಳು:

“ಮುರ್ಡೇಶ್ವರದ ಕಡಲಲ್ಲಿ ಮುತ್ತಿನಂಥ ಅಲೆ,
ನಿತ್ಯಾನಂದರ ಮನದಲ್ಲಿ ನನಗೊಂದು ನೆಲೆ.”

ನನಗೆ ಬೆರಗಾಯಿತು. ಇಷ್ಟು ನಯವಾದದ್ದು ಕಟ್ಟಲು ನನಗೆ ಒಂದು ಸಂಜೆಯೇ ಬೇಕು.

“ಉಮಾತ್ತೆಗೂ ಕಳಿಸಿದ್ದೆ. ಬಾಯಿಪಾಠ ಆಗಿದ್ಯಂತೆ.”

ಗಾಡಿ ಬಂದ ಸದ್ದಾಯಿತು. ಗಣಪಿ ಹೆಂಗಸರ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಶುಭದ ಹೊತ್ತು. ಸುಪ್ರಿಯನ ಹೆಸರು ಯಾರೂ ಎತ್ತೂದು ಬೇಡ,” ಎಂದಳು. ಅಮ್ಮ ಕೇಳಿಸಿಕೊಂಡಳು. ಮೆಲ್ಲಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

ಹೊಸ್ತಿಲ ಮೇಲೆ ಸೇರಿನಲ್ಲಿ ಅಕ್ಕಿ ಇಟ್ಟಿತ್ತು. ಆಚೆ ಉಮಾ ನಿಂತಿದ್ದಳು, ಮೂವತ್ತೈದು ದಾಟಿದವಳು.

“ಗಂಡನ ಹೆಸರು ಹೇಳದೆ ಒಳಗೆ ಬಿಡೂದಿಲ್ಲ,” ಎಂದಳು ಗಣಪಿ.

“ಇಲ್ದಿದ್ರೆ ಜಗುಲೀಲೇ ಚಾಪೆ ಹಾಸ್ತೇವೆ,” ಎಂದು ಹಿಂದಿನಿಂದ ಯಾರೋ ಕೂಗಿದರು.

ಉಮಾ ಬಾಯಿ ತೆರೆದಳು. “ಮುರ್ಡೇಶ್ವರದ ಕಡಲಲ್ಲಿ...” ಎಂದವಳು ತಡೆದಳು. ಮೆಟ್ಟಿಲ ಪಕ್ಕ ಅಬ್ಬಲಿಗೆ ಗಿಡ ಕೇಸರಿ ಹೂವಿನಿಂದ ತುಂಬಿತ್ತು. ಅದನ್ನು ನೋಡಿ ಕೇಳಿದಳು: “ಇದು ಯಾರು ನೆಟ್ಟದ್ದು?”

ನಿತ್ಯಾನಂದ ತಲೆ ತಗ್ಗಿಸಿದ. ಗಣಪಿ ನನ್ನತ್ತ ಕಣ್ಣು ಬಿಟ್ಟಳು. ನಾನು ಹೇಳಿಯೇ ಬಿಟ್ಟೆ: “ನನ್ನ ತಂಗಿ. ಸುಪ್ರಿಯಾ.”

ಉಮಾ ತಲೆಯಾಡಿಸಿದಳು. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಮಾತು ಹುಡುಕುವವರ ತುಟಿ ಹಾಗೆಯೇ ಅಲುಗುವುದು, ನನಗೆ ಗೊತ್ತು. ಆಮೇಲೆ ಹೇಳಿದಳು:

“ಸುಪ್ರಿಯಕ್ಕ ನೆಟ್ಟ ಅಬ್ಬಲಿಗೆ ಬಾಡದಂಗೆ ನೋಡ್ತೆ,
ನಿತ್ಯಾನಂದರ ಮನೇಲಿ ಅಕ್ಕನ ಪಾಲು ಅಕ್ಕಂಗೇ ಬಿಡ್ತೆ.”

ಪ್ರಾಸ ಅಷ್ಟಕ್ಕಷ್ಟೆ. ಎರಡನೇ ಸಾಲು ಉದ್ದವಾಗಿ ಕುಂಟಿತು. ಆದರೂ ಅದರಲ್ಲಿ ಒಂದಕ್ಷರ ತಿದ್ದಲು ನನಗೆ ಮನಸ್ಸಾಗಲಿಲ್ಲ. ಯಾರ ಹೆಸರನ್ನು ನಾವೆಲ್ಲ ಸೇರಿ ಬಾಗಿಲಾಚೆ ಇಟ್ಟಿದ್ದೆವೋ ಅವಳನ್ನು ಈ ಹೆಂಗಸು ತನ್ನ ಜೊತೆಗೇ ಒಳಗೆ ತರುತ್ತಿದ್ದಳು, ಅದೂ ಅಷ್ಟು ಜನರ ಎದುರು.

ಅಂಕಿತಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ಸುಪ್ರಿಯತ್ತೆ ಹೆಸರು ನಾ ಫೋನಿಗೆ ಕೊಡ್ಲೇ ಇಲ್ಲ.”

ಕೊಟ್ಟಿದ್ದರೆ ಅದು ಇದಕ್ಕಿಂತ ಚಂದ ಕಟ್ಟುತ್ತಿತ್ತೋ ಏನೋ. ಆದರೆ ಹೇಳಿದ ಮಾತಿನ ಜೊತೆ ನಾಳೆ ಬೆಳಿಗ್ಗೆ ಎದ್ದು ಈ ಮನೆಯಲ್ಲಿ ಬಾಳಬೇಕಾದ ಹೊಣೆ ಅದಕ್ಕಿರಲಿಲ್ಲ. ಉಮಾಗೆ ಇತ್ತು. ಗೊತ್ತಿದ್ದೇ ಹೇಳಿದ್ದಳು.

ಅಡುಗೆಮನೆಯ ಬಾಗಿಲಿನಿಂದ ಅಮ್ಮ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೊಸ್ತಿಲ ತನಕ ಬಂದಳು.

“ದಾರಿ ಬಿಡು ಗಣಪಿ,” ಎಂದಳು. ಬಳಿಕ ಉಮಾಳಿಗೆ, “ಬಲಗಾಲಿಟ್ಟು ಬಾ ಮಗಾ. ನಾಳ್ದು ನಾ ಬಂದಾಗ ಚಹಾಕ್ಕೆ ಸಕ್ರೆ ಕಮ್ಮಿ ಹಾಕು, ಆತಾ?”