ನೆಗಡಿಗೆ ಹೆಪ್ಪು

ನೆಗಡಿ ಬಂದರೆ ಜನ ಮೂಗು ಒರೆಸಿಕೊಳ್ಳುತ್ತಾರೆ, ಹವಾಮಾನಕ್ಕೆ ಹಿಡಿಶಾಪ ಹಾಕುತ್ತಾರೆ, ಮುಸುಕು ಹೊದ್ದು ಮಲಗುತ್ತಾರೆ. ಪಿಟೀಲು ಮಾತ್ರ ಕುಣಿದಾಡಿದಳು.

ಪಿಟೀಲು ಅನ್ನುವುದು ಅವಳ ಕೀರಲು ದನಿಗೆ ಕ್ಲಾಸಿನವರು ಇಟ್ಟ ಹೆಸರು. ಓದುತ್ತಿದ್ದದ್ದು ಜರ್ಮನ್ ಭಾಷೆಯ ಪದವಿ. ವ್ಯಾಕರಣದಲ್ಲಿ ಹುಲಿ, ಅನುವಾದದಲ್ಲಿ ಸಿಂಹ, ಉಚ್ಚಾರಣೆಯ ಪೇಪರಿನಲ್ಲಿ ನೆನೆದ ಬೆಕ್ಕು. ಆ ಒಂದು ಪೇಪರಿನಲ್ಲಿ ಎರಡು ಸಲ ಮಗುಚಿಕೊಂಡಿದ್ದಳು. ಮೂರನೇ ಸಲವೂ ಮಗುಚಿದರೆ ಪದವಿಗೇ ಎಳ್ಳುನೀರು. ಆಮೇಲೆ ಅಮ್ಮನ ಲಾಂಡ್ರಿ ಅಂಗಡಿಯಲ್ಲಿ ಜೀವಮಾನವಿಡೀ ಕಾಲರಿಗೆ ಇಸ್ತ್ರಿ ಹಾಕುವುದೇ ಗತಿ.

ಇಷ್ಟಕ್ಕೆಲ್ಲ ಕಾರಣ ಜರ್ಮನ್ನರ 'ರ'. ನಮ್ಮ 'ರ' ನಾಲಗೆಯ ತುದಿಯಲ್ಲಿ ಸಲೀಸಾಗಿ ಹುಟ್ಟುತ್ತದೆ. ಅವರದು ಎಲ್ಲೋ ಗಂಟಲಿನ ಹಿತ್ತಿಲಲ್ಲಿ, ಕಿರುನಾಲಗೆಯ ಬುಡದಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಎಬ್ಬಿಸಿ ಹೊರಗೆ ತರಲು ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದರು. ಮೊದಲು ಬಾಯಿ ತುಂಬ ನೀರು ಹಾಕಿಕೊಂಡು ಗಳಗಳ ಮಾಡಬೇಕು. ಆಮೇಲೆ ಅರ್ಧ ಬಾಯಿ ನೀರು, ಆಮೇಲೆ ಒಂದು ಗುಟುಕು, ಆಮೇಲೆ ಒಂದು ಹನಿ. ಕೊನೆಗೆ ನೀರು ಹೋಗಿ ಗಳಗಳ ಉಳಿಯಬೇಕು. ಪಿಟೀಲಿಗೆ ನೀರಿನ ಜೊತೆ ಗಳಗಳವೂ ಹೋಗಿಬಿಡುತ್ತಿತ್ತು. ಮನೆಯ ಬಚ್ಚಲಲ್ಲಿ ಅವಳು ಅಭ್ಯಾಸಕ್ಕೆ ನಿಂತರೆ ಅಜ್ಜಿ ಹೊರಗಿಂದ ಬಾಗಿಲು ಬಡಿಯುತ್ತಿದ್ದಳು. "ಏನೇ ಅದು, ನಲ್ಲಿ ಕೆಟ್ಟಿದ್ಯೋ ನೀನು ಕೆಟ್ಟಿದೀಯೋ?"

ಹೀಗಿರುವಾಗ ಒಂದು ದಿನ ನೆಗಡಿ ಬಂತು. ಗಂಟಲು ಊದಿಕೊಂಡಿತು, ಕಫ ಕಟ್ಟಿತು. ಕ್ಲಾಸಿನಲ್ಲಿ ಮೇಡಂ 'ರೋಟ್' ಅನ್ನಿಸಿದರು. ಹಾಗಂದರೆ ಕೆಂಪು. ಪಿಟೀಲು ಬಾಯಿ ತೆರೆದದ್ದೇ ತಡ, ಕಿರುನಾಲಗೆಯ ಬುಡದಿಂದ ಗರ್ರಂತ ಒಂದು 'ರ' ಎದ್ದು ಬಂತು ನೋಡಿ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನು ಬೆಚ್ಚಿ ಪೆನ್ನು ಬೀಳಿಸಿದ. ಮೇಡಂ ಕನ್ನಡಕ ತೆಗೆದರು.

"ಇನ್ನೊಂದ್ ಸಲ ಹೇಳಮ್ಮ."

"ಗರ್ರೋಟ್!"

"ಪರೀಕ್ಷೆಲೂ ಹೀಗೇ ಹೇಳು. ನಿನ್ನ ನಾನಲ್ಲ, ಯಾರೂ ಫೇಲ್ ಮಾಡಕ್ಕಾಗಲ್ಲ."

ಪರೀಕ್ಷೆಗೆ ಇನ್ನೊಂದು ವಾರವಿತ್ತು. ನೆಗಡಿಯನ್ನು ಅಲ್ಲಿಯವರೆಗೆ ಸಾಕಬೇಕಿತ್ತು, ಅಷ್ಟೇ. ಪಿಟೀಲು ಅದನ್ನು ಎಳೆಗೂಸಿನಂತೆ ನೋಡಿಕೊಂಡಳು. ತಲೆಗೆ ನೀರು ಹಾಕಿಕೊಂಡು ಒರೆಸದೆ ಬಿಟ್ಟಳು. ಫ್ಯಾನಿನ ಕೆಳಗೆ ಮಲಗಿದಳು. ಅಜ್ಜಿ ಕೊಟ್ಟ ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಹೂಕುಂಡಕ್ಕೆ ಉಗಿದಳು.

"ಬಂದ ನೆಗಡೀನ ಯಾರಾದ್ರೂ ಓಡಿಸ್ತಾರೆ. ಇವ್ಳು ಮಣೆ ಹಾಕಿ ಕೂರಿಸ್ತಾಳಲ್ಲೇ!" ಎಂದು ಅಜ್ಜಿ ಮಗಳಿಗೆ ದೂರು ಹೇಳಿದಳು.

ಅಮ್ಮನಿಗೆ ಅದನ್ನೆಲ್ಲ ಕೇಳಲು ಪುರುಸೊತ್ತಿರಲಿಲ್ಲ. ಅದೇ ವಾರ ಪಕ್ಕದ ಬೀದಿಯ ಹೋಟೆಲಿನಿಂದ ಬೆಡ್‌ಶೀಟುಗಳ ಗುಡ್ಡವೇ ಬಂದು ಬಿದ್ದಿತ್ತು. ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಒಂದು ಗೋಡೆಗೆ ಒಗೆಯುವ ಯಂತ್ರ, ಇನ್ನೊಂದಕ್ಕೆ ಉದ್ದದ ಇಸ್ತ್ರಿ ಮೇಜು, ಮೇಲಿಂದ ಇಳಿಬಿದ್ದ ರಬ್ಬರ್ ಕೊಳವೆ, ಅದರ ತುದಿಗೆ ಉಗಿ ಬುಸುಗುಟ್ಟುವ ಇಸ್ತ್ರಿಪೆಟ್ಟಿಗೆ. ಕೆಲಸದ ಹೆಂಗಸು ತವರಿಗೆ ಹೋಗಿದ್ದಳು.

"ಬಾ, ಶೀಟಿನ ಆ ತುದಿ ಹಿಡ್ಕೊ," ಅಂದಳು ಅಮ್ಮ.

"ಅಮ್ಮಾ, ಉಗಿ ನನಗಾಗಲ್ಲ. ನೆಗಡಿ ವಾಸಿಯಾಗ್ಬಿಡುತ್ತೆ!"

ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿದ ಕೈ ಹಾಗೇ ನಿಲ್ಲಿಸಿದಳು. "ಏನಂದೆ?"

"ವಾಸಿಯಾದ್ರೆ ಫೇಲಾಗ್ತೀನಿ."

"ಅವ್ವಾ," ಅಮ್ಮ ಒಳಗೆ ಕೂಗಿದಳು, "ಇವ್ಳಿಗೆ ಜ್ವರ ತಲೆಗೇರಿದೆ. ಜಾಸ್ತಿ ಉಗಿ ಬೇಕು."

ಪಿಟೀಲು ಮೂಗು ಹಿಡಿದುಕೊಂಡು ಶೀಟು ಮಡಿಸಿದಳು, ಬಾಯಿ ಮುಚ್ಚಿಕೊಂಡು ದಿಂಬಿನ ಚೀಲ ಮಡಿಸಿದಳು. ಎರಡನ್ನೂ ಒಟ್ಟಿಗೆ ಮುಚ್ಚಿ ಎಷ್ಟು ಹೊತ್ತು ಬದುಕಲು ಸಾಧ್ಯ? ಸಂಜೆಯ ಹೊತ್ತಿಗೆ ಬಲ ಹೊಳ್ಳೆ ಬಿಚ್ಚಿಕೊಂಡಿತು. ಆಗಲೇ ಬೆಂಕಿಪೊಟ್ಟಣಕ್ಕೆ ಫೋನು ಮಾಡಿದಳು.

ಬೆಂಕಿಪೊಟ್ಟಣ ಪಿಟೀಲಿನ ಜೀವದ ಗೆಳತಿ. ಆಳು ಅಂಗೈಯಷ್ಟಿದ್ದರೂ ಮಾತಿಗೆ ಮುಂಚೆ ಹತ್ತಿಕೊಳ್ಳುತ್ತಿದ್ದಳು. ಅವಳ ಜರ್ಮನ್ 'ರ' ಹುಟ್ಟಿನಿಂದ ಬಂದಂತಿತ್ತು, ಅವಳಿಗೆ ಯಾವ ನೆಗಡಿಯ ಹಂಗೂ ಇರಲಿಲ್ಲ.

"ಅಳ್ಬೇಡ ಕಣೇ ಕತ್ತೆ. ಮೊಸರು ಮುಗಿಯೋಕ್ ಮುಂಚೆ ಏನ್ ಮಾಡ್ತಾರೆ?"

"ಏನ್ ಮಾಡ್ತಾರೆ?"

"ಹೆಪ್ಪು ಎತ್ತಿಡ್ತಾರೆ. ನಿನ್ನ ನೆಗಡೀನ ನನಗೆ ಕೊಡು. ನಾನಿಟ್ಕೊಂಡಿರ್ತೀನಿ. ಪರೀಕ್ಷೆ ಹಿಂದಿನ ದಿನ ವಾಪಸ್ ತಗೋ."

ಇಷ್ಟು ದೊಡ್ಡ ಮನಸ್ಸು ಒಡಹುಟ್ಟಿದವರಿಗೂ ಇರುವುದಿಲ್ಲ. ಮರುದಿನ ಕ್ಯಾಂಟೀನಿನಲ್ಲಿ ಇಬ್ಬರೂ ಒಂದೇ ಲೋಟದಲ್ಲಿ ಕಾಫಿ ಕುಡಿದರು, ಒಂದೇ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು. ಬೆಂಕಿಪೊಟ್ಟಣ ಮನೆ ತಲುಪಿ ಫೋನಿನಲ್ಲಿ ಸೀನಿದಾಗ ಪಿಟೀಲಿನ ಜೀವ ತಣ್ಣಗಾಯಿತು.

ಆದರೆ ಕ್ಯಾಂಟೀನಿನ ಗೋಡೆಗೂ ಕಿವಿ. ಪಕ್ಕದ ಮೇಜಿನಲ್ಲಿ ಕ್ಲಾಸಿಗೇ ಮೊದಲಿಗನಾದ ಪಂಡಿತ ಕೂತಿದ್ದ. ಉಚ್ಚಾರಣೆಯಲ್ಲಿ ಒಂದೇ ಒಂದು ಅಂಕ ಕಡಿಮೆಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

"ನನಗೂ ಒಂದ್ ಗುಟುಕು ಕೊಡ್ರೇ," ಅಂದ.

"ಹೋಗೋ, ಇದೇನು ಪ್ರಸಾದನಾ?" ಬೆಂಕಿಪೊಟ್ಟಣ ಹತ್ತಿಕೊಂಡಳು.

ಅವಳು ಕೈ ತೊಳೆಯಲು ಎದ್ದಾಗ ಪಂಡಿತ ಲೋಟ ಎತ್ತಿ ತಳದಲ್ಲಿದ್ದದ್ದನ್ನು ಸುರಿದುಕೊಂಡ. ಅವನಿಂದ ಅವನ ರೂಮ್‌ಮೇಟು, ರೂಮ್‌ಮೇಟಿನಿಂದ ಹಿಂದಿನ ಬೆಂಚು. ನೋಡನೋಡುತ್ತ ಇಡೀ ಕ್ಲಾಸು ಸೀನತೊಡಗಿತು. ಎಲ್ಲರ 'ರ'ಗಳೂ ಗುಡುಗತೊಡಗಿದವು. ಮೇಡಂ ಹರ್ಷದಿಂದ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ತಂದು ಕೇಳಿದರು. ಯಾರ ಬಾಯಿಯ ಹತ್ತಿರ ಮುಖ ತರಬಾರದೋ ಅವರ ಹತ್ತಿರವೇ ತಂದರು.

ಪಿಟೀಲು ಒಬ್ಬಳೇ ಪೂರ್ತಿ ವಾಸಿಯಾದಳು. ಬೆಡ್‌ಶೀಟಿನ ಉಗಿ ಅಷ್ಟು ಜಬರ್ದಸ್ತಾಗಿತ್ತು. ಪರೀಕ್ಷೆಯ ಹಿಂದಿನ ದಿನ ಬೆಂಕಿಪೊಟ್ಟಣ ಎತ್ತಿಟ್ಟ ಹೆಪ್ಪನ್ನು ಧಾರಾಳವಾಗಿ ವಾಪಸು ಕೊಟ್ಟಳು. ಕಾಫಿಯಾಯಿತು, ಕರ್ಚೀಫಾಯಿತು, ಮುಖಕ್ಕೆ ನೇರವಾಗಿ ಸೀನಿಯೂ ಆಯಿತು. ಬೆಳಗಾಯಿತು. ಪಿಟೀಲಿನ ಮೂಗು ತೊಳೆದ ಕಿಟಕಿಯಂತೆ ಸ್ವಚ್ಛವಾಗಿತ್ತು. ಒಮ್ಮೆ ಬಂದು ಹೋದ ನೆಗಡಿ ಅಷ್ಟು ಬೇಗ ಮತ್ತೆ ಹಿಡಿಯುವುದಿಲ್ಲ ಅನ್ನುವ ಸಂಗತಿ ಭಾಷೆಯ ಪದವಿಯಲ್ಲಿ ಯಾರೂ ಪಾಠ ಮಾಡುವುದಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಯಾರೂ ಬಳಸದ ಗ್ಲೋಬು. ಮೇಡಂ ಒಂದು ಪದ ಹೇಳಬೇಕು, ವಿದ್ಯಾರ್ಥಿ ಅದನ್ನೇ ತಿರುಗಿ ಹೇಳಬೇಕು, ಮಾದರಿಗೂ ಉತ್ತರಕ್ಕೂ ಇರುವ ವ್ಯತ್ಯಾಸ ನೋಡಿ ಅಂಕ. ಇದು ಮೊದಲಿನಿಂದ ನಡೆದುಬಂದ ಪದ್ಧತಿ. ಮೇಡಂ ಕೆಂಪು ಮೂಗು ಹೊತ್ತು ಬಾಗಿಲಿಗೆ ಬಂದರು. ಸಾಲಿನಲ್ಲಿ ನಿಂತ ಕೆಂಪು ಮೂಗುಗಳನ್ನು ಒಂದು ಸುತ್ತು ನೋಡಿದರು.

"ದಬಸ್ಕಾರ," ಅಂದರು. ತಮ್ಮ ನಮಸ್ಕಾರ ತಮಗೇ ಕೇಳಿಸಿ ಗಾಬರಿಯಾದರು.

ಆಗ ಎಲ್ಲರ ತಲೆಗೂ ಹೊಳೆಯಿತು. 'ರ' ಬರಲಿ ಅಂತ ಸಾಕಿದ ನೆಗಡಿ 'ಮ'ವನ್ನೂ 'ನ'ವನ್ನೂ ನುಂಗಿತ್ತು. ಮೂಗಿನಿಂದ ಗಾಳಿ ಹೋಗದಿದ್ದರೆ 'ಮ' ಹೋಗಿ 'ಬ' ಆಗುತ್ತದೆ, 'ನ' ಹೋಗಿ 'ದ' ಆಗುತ್ತದೆ. ಇದನ್ನು ಅವರೇ ಎರಡನೇ ಪಾಠದಲ್ಲಿ ಬರೆದುಕೊಂಡಿದ್ದರು, ಬರೆದು ಮರೆತಿದ್ದರು.

"ದಾದು ಬಾದರಿ ಹೇಳಕ್ಕಾಗಲ್ಲ," ಅಂದರು ಮೇಡಂ. ಅವರು ನಿಯಮಕ್ಕೆ ಕೂದಲೆಳೆಯಷ್ಟೂ ತಪ್ಪಿದವರಲ್ಲ. "ಯಾರದ್ದು ಬೂಗು ಬಿಚ್ಚಿದೆ?"

ಸಾಲಿನವರು ಒಬ್ಬರ ಮೂಗನ್ನೊಬ್ಬರು ನೋಡಿಕೊಂಡರು. ಕೊನೆಗೆ ಬೆಂಕಿಪೊಟ್ಟಣ ಗೆಳತಿಯ ಬೆನ್ನಿಗೆ ಗುದ್ದಿದಳು. ಪಿಟೀಲು ಮುಗ್ಗರಿಸಿ ಮುಂದೆ ಬಂದು, "ನನ್ನದು ಮೇಡಂ," ಅಂದಳು. ಆ 'ನ', ಆ 'ಮ' ದೇವಸ್ಥಾನದ ಗಂಟೆಯಂತೆ ಕೋಣೆಯಲ್ಲಿ ಮೊಳಗಿದವು. ಮೇಡಂ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. 'ರ' ಇರುವ ಪದಗಳಿಗೆ ತಾವು ಮಾದರಿ, ಉಳಿದದ್ದಕ್ಕೆ ಇವಳು.

"ಆದ್ರೆ ಮೇಡಂ, ನಾನಿನ್ನೂ ಪಾಸಾಗಿಲ್ಲ."

ಮೇಡಂ ಹಣೆ ಹಿಡಿದುಕೊಂಡರು. ಈ ಪೇಪರ್ ಪಾಸಾದವರು ಮಾತ್ರ ಮಾದರಿ ಹೇಳಬಹುದು ಅನ್ನುವುದೂ ಒಂದು ನಿಯಮ. ಪಿಟೀಲು ಪಾಸಾಗದಿದ್ದರೆ ಪರೀಕ್ಷೆ ನಡೆಯುವುದಿಲ್ಲ, ಪರೀಕ್ಷೆ ನಡೆಯದಿದ್ದರೆ ಪಿಟೀಲು ಪಾಸಾಗುವುದಿಲ್ಲ. ಮೇಡಂ ಹೊರಗೆ ನೋಡಿದರು, ಒಳಗೆ ನೋಡಿದರು, ಸೀನಿದರು. ಆಮೇಲೆ ಪೆನ್ನು ತೆಗೆದು ಅವಳ ಹೆಸರಿನ ಮುಂದೆ ಪಾಸು ಅಂತ ಬರೆದುಬಿಟ್ಟರು. 'ರ' ಕೇಳಲೇ ಇಲ್ಲ.

ಪಿಟೀಲಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಕಾಲು ಮಾತ್ರ ಮೇಜಿನ ಕೆಳಗೆ ತಾನಾಗಿ ಕುಣಿಯುತ್ತಿತ್ತು.

ಮೊದಲು ಪಂಡಿತ ಬಂದ. ಪಿಟೀಲು 'ನಾಮೆ' ಅಂದಳು. ಹಾಗಂದರೆ ಹೆಸರು.

"ದಾಬೆ," ಅಂದ ಪಂಡಿತ. ಬೆವರು ಒರೆಸಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದ. "ದಾಬೆ. ಅಯ್ಯೋ ಬೇಡಬ್, ದಾಬೆ!"

"ಸಾಲಿದ ಕೊದೆಗೆ ಹೋಗಿ ದಿಲ್ಲು," ಅಂದರು ಮೇಡಂ. ಅವನು ನಿಲ್ಲಲು ಹೋದ.

ಆಮೇಲೆ ಬೆಂಕಿಪೊಟ್ಟಣ ಬಂದು ಎದುರಿಗೆ ಕೂತಳು. ಕಣ್ಣು ಊದಿತ್ತು, ಮೂಗು ಸಿಪ್ಪೆ ಸುಲಿದಿತ್ತು. ಈ ನೆಗಡಿ ಇಲ್ಲದಿದ್ದರೆ ಈ ಪೇಪರಿನಲ್ಲಿ ಪಂಡಿತನನ್ನೂ ಹಿಂದೆ ಹಾಕಿ ಅವಳೇ ಮೊದಲು ಬರುತ್ತಿದ್ದಳು. ಹತ್ತಿಕೊಳ್ಳುವವಳು ಇವತ್ತು ನೆನೆದ ಕಡ್ಡಿಯಂತೆ ಸುಮ್ಮನಿದ್ದಳು. ಗೆಳತಿಗೆ ಒಮ್ಮೆ ಕಣ್ಣು ಮಿಟುಕಿಸಿ, ಏನಾದರಾಗಲಿ ಅಂತ ಗಲ್ಲ ಎತ್ತಿದಳು.

"ಹೇಳು," ಅಂದರು ಮೇಡಂ, ಪಿಟೀಲಿನ ಕಡೆ ತಿರುಗಿ.

ಪಿಟೀಲು ಕರ್ಚೀಫು ತೆಗೆದಳು. ಒರೆಸಿಕೊಳ್ಳುವವಳಂತೆ ಮೂಗಿನ ಮೇಲಿಟ್ಟು, ಎರಡು ಹೊಳ್ಳೆಯನ್ನೂ ಬಿಗಿಯಾಗಿ ಹಿಡಿದಳು.

"ದಾಬೆ," ಅಂದಳು.

ಬೆಂಕಿಪೊಟ್ಟಣದ ಕಣ್ಣು ಅರಳಿತು. "ದಾಬೆ!"

ಮೇಡಂ ಮೆಲ್ಲಗೆ ಕನ್ನಡಕ ತೆಗೆದರು. ಪಿಟೀಲನ್ನು ನೋಡಿದರು, ಕರ್ಚೀಫು ನೋಡಿದರು.

"ದಿದಗೂ ಶುರುವಾಯ್ತಾ?"

"ಹೌದು ಬೇಡಬ್."

ಮಾದರಿಯನ್ನು ನಡುವೆ ಬದಲಾಯಿಸುವ ಹಾಗಿರಲಿಲ್ಲ, ಬದಲಾಯಿಸಲು ಇನ್ನೊಂದು ಮೂಗೂ ಇರಲಿಲ್ಲ. ಮಾದರಿಗೂ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಮೇಡಂ ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ. ಪೂರ್ತಿ ಅಂಕ ಹಾಕಿ, ಬಾಗಿಲ ಕಡೆ ಕೂಗಿದರು.

"ಬುಂದಿದವರು ಬದ್ದಿ!"

ಪಿಟೀಲು ಮೂಗಿನ ಮೇಲಿನ ಹಿಡಿತ ಬಿಡಲಿಲ್ಲ. ಸಾಲು ಇನ್ನೂ ಉದ್ದವಿತ್ತು.