ಮುನ್ನೂರ ನಲವತ್ತು ಗ್ರಾಂ

ಗುಜರಿ ಅಂಗಡಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ತಕ್ಕಡಿ. ಯಾವ ಲೋಹದ ತುಂಡು ಕೈಗೆ ಕೊಟ್ಟರೂ ಒಮ್ಮೆ ಮೇಲೆ ಕೆಳಗೆ ಆಡಿಸಿ ತೂಕ ಹೇಳಿಬಿಡುತ್ತಿದ್ದ. ಹತ್ತು ಗ್ರಾಂ ಆಚೆ ಈಚೆ, ಅಷ್ಟೆ. ಏಳನೇ ತರಗತಿಗೇ ಶಾಲೆಗೆ ಕೈಮುಗಿದು ಬಂದವನಿಗೆ ಇದೊಂದೇ ವಿದ್ಯೆ, ಅದರ ಮೇಲೆ ಬೆಟ್ಟದಷ್ಟು ಜಂಬ. ಕೋಪವಂತೂ ಸದಾ ಮೂಗಿನ ತುದಿಯಲ್ಲೇ.

ಈಗ ಅವನಿಗೆ ಗುಜರಿಯಿಂದ ಬಿಡುಗಡೆ ಬೇಕಿತ್ತು. ಕೊರಿಯರ್ ಕಂಪನಿಯವರು ಸೈಕಲ್ ಸವಾರರನ್ನು ತೆಗೆದುಕೊಳ್ಳುತ್ತಿದ್ದರು. ಪರೀಕ್ಷೆ ಒಂದೇ: ಸೋಮವಾರ ಬೆಳಿಗ್ಗೆ ಸ್ವಂತ ಸೈಕಲ್ಲಿನಲ್ಲಿ ನೀರಿನ ಟ್ಯಾಂಕಿನ ಗುಡ್ಡವನ್ನು ಇಪ್ಪತ್ತು ನಿಮಿಷದೊಳಗೆ ಹತ್ತಬೇಕು. ಅವನ ಕಬ್ಬಿಣದ ಸೈಕಲ್ಲು ಏದುಸಿರು ಬಿಡುತ್ತ ಹತ್ತುತ್ತಿದ್ದದ್ದು ಇಪ್ಪತ್ತಮೂರಕ್ಕೆ. ಗಾಲಿ, ಚೈನು, ಬ್ರೇಕು ಒಳ್ಳೆಯವೇ. ಅವನ್ನು ಕಳಚಿ ಹಗುರವಾದ ಅಲ್ಯೂಮಿನಿಯಂ ಫ್ರೇಮಿಗೆ ತೊಡಿಸಿದರೆ ಆಯಿತು.

ದೊಡ್ಡ ಅಂಗಡಿಯಲ್ಲಿ ಬೆಲೆ ಕೇಳಿದರೆ, ಮಾರುವವನು ಉತ್ತರ ಹೇಳುವ ಮೊದಲು ಇವನ ಚಪ್ಪಲಿ ನೋಡಿದ. ತಕ್ಕಡಿ ಹಲ್ಲು ಕಡಿಯುತ್ತ ಹೊರಬಂದು, ಹಳೆ ಸೈಕಲ್ಲುಗಳ ಅಂಗಡಿಗೆ ನುಗ್ಗಿದ. ಅಲ್ಲಿ ಅವನ ಜೇಬಿಗೆ ಎಟುಕುವಂಥ ಮೂರು ಫ್ರೇಮುಗಳು ಕೊಕ್ಕೆಗೆ ತೂಗುತ್ತಿದ್ದವು.

“ನಿನ್ನ ಎತ್ತರಕ್ಕೆ ಯಾವುದು ಅಂತ...” ಎಂದು ಅಂಗಡಿಯಾತ ಬಾಯಿ ತೆರೆದ.

“ನೀವು ಸುಮ್ನಿರಿ ಯಜಮಾನ್ರೇ. ಇಪ್ಪತ್ತು ವರ್ಷ ಗುಜರಿ ತೂಗಿದ ಈ ಕೈ ಯಾತಕ್ಕಿದೆ?”

ಬೂದಿಬಣ್ಣದ್ದನ್ನು ಎತ್ತಿದ. ಬೇಡ. ನೀಲಿಯದ್ದು, ಬೇಡ. ಕೆಂಪು ಫ್ರೇಮು ಮಾತ್ರ ಹತ್ತಿಯಂತೆ ಮೇಲೆದ್ದಿತು. ಒಂದು ಕೆಜಿ ನೂರ ಎಂಬತ್ತು. ತಕ್ಕಡಿ ಚೌಕಾಸಿ ಮಾಡದೆ ದುಡ್ಡು ಕೊಟ್ಟ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ತಲೆಯ ಮೇಲೆಯೇ ಇತ್ತು.

ಶನಿವಾರ ಮಧ್ಯಾಹ್ನಕ್ಕೆ ಸೈಕಲ್ಲು ಸಿದ್ಧವಾಯಿತು. ಅಂಗಳದಲ್ಲಿ ಏರಿ ಎರಡು ಸುತ್ತು ತುಳಿದ. ಮಂಡಿಗಳು ಹ್ಯಾಂಡಲ್ಲಿಗೆ ಟಪ್ ಟಪ್ ಎಂದು ಬಡಿದವು. ಕಿಟಕಿಯ ಬಳಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅತ್ತಿಗೆ ಕಾಲು ನಿಲ್ಲಿಸಿದಳು.

“ಏನು ಮೈದುನರೇ, ಸರ್ಕಸ್ ಕರಡಿ ಕೆಲಸ ಸಿಕ್ತಾ?”

“ಅತ್ತಿಗೆ, ತಲೆ ಕೆಡಿಸ್ಬೇಡಿ. ಎಲ್ಲಕ್ಕಿಂತ ಹಗುರವಾದದ್ದು ಇದೇ!”

“ಚಿಕ್ಕದು, ಅದಕ್ಕೇ ಹಗುರ! ನನ್ನ ಹತ್ರ ಅಂಗಿ ಹೊಲಿಸೋಕೆ ಬಂದವರನ್ನ ನಾನು ತೂಕಕ್ಕೆ ಹಾಕ್ತೀನಾ? ಬಾ ಇಲ್ಲಿ, ನೆಟ್ಟಗೆ ನಿಂತ್ಕೋ.”

ಅಳತೆಯ ಟೇಪು ಕೊರಳಿನಿಂದ ಇಳಿಯಿತು. ಕಾಲು, ಬೆನ್ನು, ತೋಳು. ಗಂಟೆಯೊಳಗೆ ಇಬ್ಬರೂ ಹಳೆ ಸೈಕಲ್ಲುಗಳ ಅಂಗಡಿಯಲ್ಲಿದ್ದರು. ತಕ್ಕಡಿಯ ಹೆಗಲಲ್ಲಿ ಬಿಚ್ಚಿದ ಕೆಂಪು ಫ್ರೇಮು, ಮುಖದಲ್ಲಿ ಅದಕ್ಕಿಂತ ಕೆಂಪು. ಅಂಗಡಿಯಾತ ಬೋರ್ಡಿನತ್ತ ಬೆರಳು ತೋರಿಸಿದ.

ಅತ್ತಿಗೆ ಬೋರ್ಡನ್ನು ಲೆಕ್ಕಿಸದೆ ತೂಗುತ್ತಿದ್ದ ಫ್ರೇಮುಗಳಿಗೆ ಟೇಪು ಹಿಡಿದಳು. “ಈ ಬೂದಿಬಣ್ಣದ್ದು ಇವನಿಗೇ ಅಳೆದು ಹೊಲಿಸಿದ ಹಾಗಿದೆ. ಇದ್ಯಾಕೆ ಹೋಗಿಲ್ಲ?”

“ಸೀಟಿನ ಕೊಳವೆ ಒಳಗೇ ಕಚ್ಕೊಂಡಿದೆ ತಾಯಿ. ಮೇಲೂ ಬರಲ್ಲ, ಕೆಳಗೂ ಹೋಗಲ್ಲ. ಎರಡು ವರ್ಷದಿಂದ ಬಂದೋರೆಲ್ಲ ಎಳೆದೂ ಎಳೆದೂ ಸುಸ್ತಾದ್ರು.”

“ಎಳೆದ್ರೆ ಎಲ್ಲಿ ಬರುತ್ತೆ?” ತಕ್ಕಡಿಗೆ ರೇಗಿತು. “ಕೊಳವೇನ ವೈಸಲ್ಲಿ ಬಿಗಿದು ಫ್ರೇಮನ್ನ ತಿರುಗಿಸ್ಬೇಕು. ಅಷ್ಟೂ ಗೊತ್ತಿಲ್ವಾ?”

“ಓಹೋ. ತೆಗೆದು ತೋರಿಸು. ಕೆಂಪಿಗೆ ಬದಲು ಇದನ್ನ ಒಯ್ಯಿ.”

ಗುಜರಿ ಅಂಗಡಿಯಲ್ಲಿ ದಿನಾ ಮಾಡುತ್ತಿದ್ದ ಕೆಲಸವೇ. ಸಂದಿಗೆ ಎಣ್ಣೆ ಬಿಟ್ಟು, ಕೊಳವೆಯನ್ನು ಮೇಜಿಗೆ ಬಿಗಿದಿದ್ದ ವೈಸಿನ ಕಬ್ಬಿಣದ ದವಡೆಗೆ ಕೊಟ್ಟು, ಇಡೀ ಫ್ರೇಮನ್ನು ಲಾರಿಯ ಸ್ಟೇರಿಂಗಿನಂತೆ ಹಿಡಿದು, ತನ್ನ ಚಪ್ಪಲಿ ನೋಡಿದ್ದ ದೊಡ್ಡ ಅಂಗಡಿಯವನ ನೋಟವನ್ನು ನೆನೆದ. ಕಿರ್ರೆಂದು ಅರ್ಧ ಸುತ್ತು. ಇನ್ನೊಮ್ಮೆ ನೆನೆದ. ಕೊಳವೆ ಕಳಚಿತು. ಅಂಗಡಿಯಾತ ಕನ್ನಡಕ ತೆಗೆದು ಒರೆಸಿಕೊಂಡ.

ಆದರೂ ಮನೆಗೆ ಬರುವಾಗ ತಕ್ಕಡಿಯ ಮುಖ ಊದಿಕೊಂಡೇ ಇತ್ತು. “ಒಂದು ಕೆಜಿ ಐನೂರ ಇಪ್ಪತ್ತು. ಮುನ್ನೂರ ನಲವತ್ತು ಗ್ರಾಂ ದಂಡ!”

“ನಿನ್ನ ಜುಟ್ಟೇ ಅಷ್ಟಿದೆ. ಕತ್ತರಿ ತರ್ಲಾ?”

ಸೋಮವಾರ ಗುಡ್ಡದ ತುದಿಯಲ್ಲಿ ಕೊರಿಯರ್ ಕಂಪನಿಯ ಹೆಂಗಸು ಗಡಿಯಾರ ಒತ್ತಿದಳು. ಹತ್ತೊಂಬತ್ತು ನಿಮಿಷ, ನಲವತ್ತೆರಡು ಸೆಕೆಂಡು. ಜುಟ್ಟು ಬೋಳಿಸಿದ ತಲೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮಂಡಿ ಒಮ್ಮೆಯೂ ಬಡಿದಿರಲಿಲ್ಲ. ಅವಳು ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿದಳು.

“ಹಗುರ ಇದೆಯಲ್ಲ. ಎಂಟು ಕೆಜಿ ಇರ್ಬೇಕು.”

“ಎಂಟಾ?” ತಕ್ಕಡಿಗೆ ಉಸಿರಾಡಲೂ ಆಗುತ್ತಿರಲಿಲ್ಲ, ಸುಮ್ಮನಿರಲೂ ಆಗಲಿಲ್ಲ. “ಒಂಬತ್ತು ಕೆಜಿ ಇನ್ನೂರ ಅರವತ್ತು! ಕೈಯಲ್ಲಿ ಹಿಡ್ಕೊಂಡೂ ಗೊತ್ತಾಗಲ್ವಾ?”

“ನೀನು ಕೆಲಸಕ್ಕೆ ಬಂದ್ಯೋ, ಜಗಳಕ್ಕೆ ಬಂದ್ಯೋ?”

“ಎರಡೂ ಚೆನ್ನಾಗಿ ಮಾಡ್ತಾನೆ ಮೇಡಂ,” ಎಂದಳು ಅತ್ತಿಗೆ, ಬಸ್ಸಿನಲ್ಲಿ ಬಂದು ಅರ್ಧ ಗಂಟೆಯಿಂದ ಟ್ಯಾಂಕಿನ ನೆರಳಲ್ಲಿ ಕೂತಿದ್ದವಳು. “ಮೊದಲು ಕೆಲಸಕ್ಕೆ ತಗೊಳ್ಳಿ.”

ಆ ಹೆಂಗಸು ನಕ್ಕು, ಪಾರ್ಸೆಲ್ ಚೀಲವೊಂದನ್ನು ಅವನತ್ತ ಎಸೆದಳು. ಹಿಡಿದವನು ಅಭ್ಯಾಸಬಲದಿಂದ ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡಿ, ಬೆನ್ನಿಗೇರಿಸಿದ.